ಮೊದಲ ಪುಸ್ತಕಕ್ಕೆ ಗುರುತಿಲ್ಲದ ನೂರು ಓದುಗರು

ಕನ್ನಡದಲ್ಲಿ ಹೊಸಬರ ಪುಸ್ತಕ ಸಾಮಾನ್ಯವಾಗಿ 500 ಪ್ರತಿ ಅಚ್ಚಾಗುತ್ತದೆ. ಪ್ರಕಾಶಕರಿಗೆ ಧೈರ್ಯ ಜಾಸ್ತಿ ಇದ್ದರೆ ಸಾವಿರ. ಆರು ಕೋಟಿಗೂ ಹೆಚ್ಚು ಜನ ಇರುವ ನಾಡಿನಲ್ಲಿ 500 ಪ್ರತಿ ಮಾರುವುದು ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೂ ಎಷ್ಟೋ ಲೇಖಕರ ಮನೆಯಲ್ಲಿ ಅದರ ಅರ್ಧದಷ್ಟು ಪ್ರತಿಗಳು ಅಟ್ಟದ ಮೇಲೋ ಮಂಚದ ಕೆಳಗೋ ವರ್ಷಗಟ್ಟಲೆ ಕೂತಿರುತ್ತವೆ.

ಮೊದಲ ಐವತ್ತು ಪ್ರತಿ ಖರ್ಚಾಗುವುದು ಕಷ್ಟವಲ್ಲ. ನೆಂಟರು, ಆಫೀಸಿನವರು, ಕಾಲೇಜಿನ ಗೆಳೆಯರು ನಿಮ್ಮ ಮೇಲಿನ ಪ್ರೀತಿಗೆ ಕೊಳ್ಳುತ್ತಾರೆ. ಎಷ್ಟು ಜನ ಓದಿದರು ಅಂತ ಕೇಳಲು ಹೋಗಬೇಡಿ. ಕಷ್ಟ ಶುರುವಾಗುವುದು ಆಮೇಲೆ. ನಿಮ್ಮ ಮುಖ ನೋಡದ, ಹೆಸರು ಕೇಳದ ಒಬ್ಬರು ಜೇಬಿನಿಂದ ದುಡ್ಡು ತೆಗೆದು ನಿಮ್ಮ ಪುಸ್ತಕ ಕೊಳ್ಳಬೇಕು. ಅಂಥ ನೂರು ಜನ ಸಿಕ್ಕರೆ ಪುಸ್ತಕ ತನ್ನ ಕಾಲ ಮೇಲೆ ನಡೆಯಲು ಕಲಿತಿದೆ ಎಂದು ಲೆಕ್ಕ. ಆ ನೂರು ಜನರನ್ನು ಹುಡುಕುವ ಕೆಲಸವನ್ನೇ ನಾನು ಪ್ರಚಾರ ಅನ್ನುತ್ತೇನೆ. ಇದೇನೂ ಇವತ್ತಿನ ಕಷ್ಟವಲ್ಲ. ಒಂದು ಶತಮಾನದ ಹಿಂದೆ ಹಾವೇರಿ ಕಡೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದ್ದರು. ಅವರ ಕೈಯಲ್ಲಿ ಫೋನ್ ಇರಲಿಲ್ಲ. ಹಾಗಂತ ಬರೀ ಫೋನ್ ಇದ್ದರೆ ಸಾಲದು.

ಯಾರು ಓದುತ್ತಾರೆ? ಅಚ್ಚಿಗೆ ಹೋಗುವ ಮೊದಲೇ ಬರೆದಿಡಿ

"ಎಲ್ಲರೂ ಓದಬಹುದು" ಎಂಬ ಉತ್ತರದಿಂದ ಏನೂ ಉಪಯೋಗವಿಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಿಂಧನೂರಿನ ಒಬ್ಬ ಮೇಷ್ಟ್ರು ಕಥಾಸಂಕಲನ ಬರೆದಿದ್ದಾರೆ ಅಂದುಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಊರುಗಳ ಕಥೆಗಳು. ಮೇಲಿನವರ ಗದ್ದೆಗೆಲ್ಲ ಹರಿದು ಮಿಕ್ಕರೆ ನೀರು ಸಿಗುವ ಊರುಗಳು.

ಇದನ್ನು ಯಾರು ಓದುತ್ತಾರೆ? ಮೊದಲಿಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಶಿಕ್ಷಕರು. ಶಿಕ್ಷಕರ ಜಾಲ ದೊಡ್ಡದು. ಪ್ರತಿ ತಾಲ್ಲೂಕಿನಲ್ಲೂ ಅವರ ವಾಟ್ಸ್ಆ್ಯಪ್ ಗುಂಪುಗಳಿವೆ. ಎರಡನೆಯದಾಗಿ, ಆ ಊರುಗಳಿಂದ ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ರೈತರ ಮಕ್ಕಳು. ಊರಿನ ಮಾತು ಅಚ್ಚಿನಲ್ಲಿ ಕಂಡರೆ ಬಿಡದವರು ಇವರು. ಮೂರನೆಯದಾಗಿ, ನೀರಿನ ವಿಷಯದಲ್ಲಿ ಆಸಕ್ತಿ ಇರುವ ರೈತ ಸಂಘಟನೆಯವರು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಕೊನೆಗೆ, ಯಾವ ಊರಿನವರೇ ಆಗಲಿ, ಹೊಸ ಕಥೆಗಾರರನ್ನು ಹುಡುಕಿಕೊಂಡು ಓದುವ ಒಂದಿಷ್ಟು ಜನ. ಈ ಕೊನೆಯ ಗುಂಪು ಚಿಕ್ಕದು. ಆದರೆ ಹೊಸ ಲೇಖಕರಲ್ಲಿ ಹೆಚ್ಚಿನವರು ಇವರ ಹಿಂದೆ ಮಾತ್ರ ಬೀಳುತ್ತಾರೆ. ಇವರ ಬಾಗಿಲನ್ನು ವಾರಕ್ಕೆ ಹತ್ತು ಪುಸ್ತಕ ತಟ್ಟುತ್ತಿರುತ್ತವೆ. ಮೊದಲ ಮೂರು ಗುಂಪಿನ ಬಾಗಿಲಿಗೆ ಯಾರೂ ಹೋಗಿರುವುದಿಲ್ಲ.

ನಿಮ್ಮ ಪುಸ್ತಕಕ್ಕೂ ಹೀಗೆ ಮೂರು-ನಾಲ್ಕು ಗುಂಪು ಬರೆದಿಡಿ. ಪ್ರತಿ ಗುಂಪಿನ ಎದುರು ಎರಡು ವಿಷಯ ಬರೆಯಿರಿ: ಇವರು ಎಲ್ಲಿ ಸೇರುತ್ತಾರೆ? ಇವರಲ್ಲಿ ನನಗೆ ಗೊತ್ತಿರುವ ಒಬ್ಬರು ಯಾರು? ಈ ಒಂದು ಹಾಳೆ ಮುಂದೆ ಪ್ರತಿ ಹೆಜ್ಜೆಗೂ ಬೇಕಾಗುತ್ತದೆ.

ಪುಸ್ತಕಕ್ಕೆ ಮೊದಲು ಬಿಡಿ ಬರಹ

ಪುಸ್ತಕ ಬಂದ ಮೇಲೆ ಓದುಗರನ್ನು ಹುಡುಕುವುದು ತಡವಾಯಿತು. ಸಂಕಲನದಲ್ಲಿ ಹನ್ನೆರಡು ಕಥೆ ಇದ್ದರೆ ನಾಲ್ಕೈದು ಮೊದಲೇ ಹೊರಗೆ ಬಂದಿರಲಿ. ಮಯೂರ, ತುಷಾರ, ಸುಧಾ, ತರಂಗದಂಥ ಪತ್ರಿಕೆಗಳಿವೆ. ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳಿವೆ. ಆನ್‌ಲೈನಿನಲ್ಲಿ ಕೆಂಡಸಂಪಿಗೆ, ಅವಧಿಯಂಥ ತಾಣಗಳಿವೆ. ಒಂದೇ ಕಥೆಯನ್ನು ಒಂದೇ ಸಲಕ್ಕೆ ಎರಡು ಕಡೆ ಕಳುಹಿಸಬೇಡಿ. ಸಂಪಾದಕರು ಒಬ್ಬರಿಗೊಬ್ಬರು ಪರಿಚಯದವರೇ ಆಗಿರುತ್ತಾರೆ. ಸ್ಪರ್ಧೆಗೆ ಕಳುಹಿಸುವ ಕಥೆ ಫೇಸ್‌ಬುಕ್ಕಿನಲ್ಲೂ ಬಂದಿರಬಾರದು ಎಂಬ ನಿಯಮ ಎಷ್ಟೋ ಕಡೆ ಇದೆ. ಅದನ್ನು ಓದಿಕೊಂಡೇ ಕಳುಹಿಸಿ.

ಪ್ರತಿಲಿಪಿ ಎಂಬ ಓದು-ಬರಹದ ಆ್ಯಪ್‌ನಲ್ಲಿ ಸಾವಿರಗಟ್ಟಲೆ ಓದುಗರು ಸಿಗುತ್ತಾರೆ, ನಿಜ. ಧಾರಾವಾಹಿಯಂತೆ ದಿನಕ್ಕೊಂದು ಕಂತು ಓದುವವರು ಅಲ್ಲಿ ಜಾಸ್ತಿ. ಆ ಬಗೆಯ ಬರಹ ನಿಮ್ಮದಾದರೆ ಅದು ಒಳ್ಳೆಯ ಜಾಗ. ಆದರೆ ಅಲ್ಲಿನ ಓದಿನ ಸಂಖ್ಯೆ ನೋಡಿ ಎಷ್ಟು ಪ್ರತಿ ಅಚ್ಚು ಹಾಕಿಸಬೇಕೆಂದು ಮಾತ್ರ ತೀರ್ಮಾನಿಸಬೇಡಿ. ಫೋನಿನಲ್ಲಿ ಪುಕ್ಕಟೆ ಓದಿದವರು 200 ರೂಪಾಯಿ ಕೊಟ್ಟು ಕೊಳ್ಳುತ್ತಾರೆ ಎಂದೇನಿಲ್ಲ.

ಕಥೆ ಓದಿ ಯಾರಾದರೂ ಮೆಚ್ಚಿ ಮೆಸೇಜ್ ಮಾಡಿದರೆ ಉತ್ತರ ಕೊಡಿ. "ಪುಸ್ತಕ ಬಂದಾಗ ತಿಳಿಸಲೇ?" ಎಂದು ಕೇಳಿ, ಹೂಂ ಅಂದವರ ಹೆಸರು, ಊರು, ನಂಬರ್ ಒಂದು ಕಡೆ ಬರೆದಿಡಿ. ಗುರುತಿಲ್ಲದ ನೂರರಲ್ಲಿ ಮೊದಲ ಇಪ್ಪತ್ತು ಜನ ಈ ಪಟ್ಟಿಯಿಂದಲೇ ಬರುತ್ತಾರೆ.

ಹಸ್ತಪ್ರತಿಯ ಹಂತದಲ್ಲೇ ನೋಡಬೇಕಾದ ಇನ್ನೆರಡು ಬಾಗಿಲುಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ, ಕೊನೆಯ ದಿನ ಎಲ್ಲ ಆ ವರ್ಷದ ಪ್ರಕಟಣೆಯಲ್ಲಿರುತ್ತದೆ. ಛಂದ ಪುಸ್ತಕ ಎಂಬ ಪ್ರಕಾಶನ ಹೊಸ ಕಥೆಗಾರರ ಮೊದಲ ಸಂಕಲನಕ್ಕೆ ಸ್ಪರ್ಧೆ ನಡೆಸಿ, ಗೆದ್ದ ಹಸ್ತಪ್ರತಿಯನ್ನು ತಾನೇ ಪ್ರಕಟಿಸುತ್ತಾ ಬಂದಿದೆ. ಇಂಥ ಕಡೆ ಆಯ್ಕೆಯಾದರೆ ಸಿಗುವ ಹಣಕ್ಕಿಂತ ಪುಸ್ತಕದ ಮೇಲೆ ಬರುವ ಆ ಒಂದು ಸಾಲೇ ಹೆಚ್ಚು ಕೆಲಸ ಮಾಡುತ್ತದೆ.

ಹೆಸರು, ಮುಖಪುಟ, ಬೆನ್ನುಡಿ

ಹೆಸರು ಇಡುವ ಮೊದಲು ಅದೇ ಹೆಸರಿನ ಪುಸ್ತಕವೋ ಸಿನಿಮಾವೋ ಇದೆಯೇ ಎಂದು ಹುಡುಕಿ ನೋಡಿ. ಕನ್ನಡ ಲಿಪಿಯಲ್ಲೂ ಹುಡುಕಿ, ಇಂಗ್ಲಿಷ್ ಲಿಪಿಯಲ್ಲೂ ಹುಡುಕಿ. ನಮ್ಮ ಓದುಗರಲ್ಲಿ ತುಂಬಾ ಜನ ಕನ್ನಡ ಪುಸ್ತಕವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ ಹುಡುಕುತ್ತಾರೆ. ಹಿಟ್ ಸಿನಿಮಾದ ಹೆಸರಿಟ್ಟರೆ ನಿಮ್ಮ ಪುಸ್ತಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಖಪುಟವನ್ನು ಫೋನಿನಲ್ಲಿ ಅಂಚೆಚೀಟಿಯಷ್ಟು ಸಣ್ಣದು ಮಾಡಿ ನೋಡಿ. ಹೆಸರು ಓದಲು ಬರುತ್ತದೆಯೇ? ಈಗ ಓದುಗರು ಮೊದಲು ನೋಡುವುದು ಅದೇ ಅಳತೆಯಲ್ಲಿ.

ಮುನ್ನುಡಿಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ದೊಡ್ಡವರೊಬ್ಬರ ಮುನ್ನುಡಿಗೆ ಆರು ತಿಂಗಳು ಕಾಯುವ ಪದ್ಧತಿ ನಮ್ಮಲ್ಲಿದೆ. ಅವರು ಪಾಪ, ತಿಂಗಳಿಗೆ ನಾಲ್ಕು ಹಸ್ತಪ್ರತಿ ಓದಬೇಕು. ಕೊನೆಗೆ ಬರುವುದು "ಭರವಸೆಯ ಲೇಖಕ" ಎಂಬ ಎರಡು ಪುಟ. ಗುರುತಿಲ್ಲದ ಓದುಗರು ಪುಸ್ತಕ ತಿರುಗಿಸಿ ನೋಡುವುದು ಬೆನ್ನುಡಿಯನ್ನು. ಅಲ್ಲಿ "ಮಾನವೀಯ ಸಂವೇದನೆಗಳ ಅನಾವರಣ" ಎಂದು ಬರೆದರೆ ಯಾರಿಗೆ ಏನು ತಿಳಿಯಿತು? "ಕಾಲುವೆಗೆ ನೀರು ಬಿಟ್ಟ ಮೂರನೇ ದಿನ ತಿಮ್ಮಪ್ಪ ಸಲಿಕೆ ಹಿಡಿದು ರಾತ್ರಿ ಹೊರಟ" ಎಂಬಂಥ ಒಂದು ಸಾಲಿದ್ದರೆ ಕೈ ಒಳಗಿನ ಪುಟಕ್ಕೆ ಹೋಗುತ್ತದೆ. ಬೆನ್ನುಡಿಗೆ ಪುಸ್ತಕದ ಒಳಗಿನದೇ ನಾಲ್ಕು ಸಾಲು ಆರಿಸಿ. ಕೆಳಗೆ, ಇದು ಯಾವ ಊರಿನ, ಯಾರ ಕಥೆ ಎಂಬ ಎರಡು ಸಾಲು ಸಾಕು.

ತಾಂತ್ರಿಕ ವಿಷಯ ಎರಡೇ ಇವೆ. ಪುಸ್ತಕದ ಗುರುತಿಗೆ ಕೊಡುವ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಪುಕ್ಕಟೆ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಸ್ವಂತ ಪ್ರಕಟಣೆಯ ಲೇಖಕರೂ ಹಾಕಬಹುದು. ಇದಕ್ಕೆ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಇನ್ನೊಂದು, ಪುಟ ಕಟ್ಟುವ ಡಿಟಿಪಿಯವರಿಂದ ಪಿಡಿಎಫ್ ಜೊತೆಗೆ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ) ಪಠ್ಯವನ್ನೂ ಕೇಳಿ ಇಟ್ಟುಕೊಳ್ಳಿ. ನಮ್ಮಲ್ಲಿ ಹಲವು ಕಡೆ ಇನ್ನೂ ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಪುಟ ಕಟ್ಟುತ್ತಾರೆ. ಆಮೇಲೆ ಇ-ಪುಸ್ತಕ ಮಾಡಲು ಹೊರಟರೆ ಅರ್ಕಾವತ್ತು, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ ಆಗುತ್ತವೆ.

ಪುಸ್ತಕದ ಕೊನೆಯ ಪುಟ ಖಾಲಿ ಬಿಡಬೇಡಿ. "ಓದಿ ಅನ್ನಿಸಿದ್ದನ್ನು ಬರೆಯಿರಿ" ಎಂದು ಹಾಕಿ, ವಾಟ್ಸ್ಆ್ಯಪ್‌ಗೆ ಹೋಗುವ ಕ್ಯೂಆರ್ ಕೋಡ್ ಕೊಡಿ. ಅಂಗಡಿಯಲ್ಲಿ ಕೊಂಡ ಓದುಗರು ಯಾರೆಂದು ನಿಮಗೆ ಗೊತ್ತಾಗಲು ಇದೊಂದೇ ದಾರಿ. ಮನೆಯ ನಂಬರ್ ಬೇಡ, ಇದಕ್ಕೆಂದೇ ಬೇರೆ ಸಿಮ್ ಇರಲಿ. ಲೇಖಕಿಯರಿಗಂತೂ ಇದು ಅಗತ್ಯ.

ದುಡ್ಡಿನ ಲೆಕ್ಕ ಮೊದಲೇ ಹಾಕಿ

ಬೆಲೆ 200 ರೂಪಾಯಿ ಅಂದುಕೊಳ್ಳಿ. ಅಂಗಡಿಗೋ ವಿತರಕರಿಗೋ 40 ಶೇಕಡಾ ಬಿಟ್ಟರೆ 80 ಹೋಯಿತು. ಉಳಿದದ್ದು 120. ಡಿಟಿಪಿ, ಮುಖಪುಟ, ಮುದ್ರಣ ಎಲ್ಲ ಸೇರಿ ಪ್ರತಿಗೆ 85 ಬಿದ್ದಿದ್ದರೆ ಮಿಗುವುದು 35 ರೂಪಾಯಿ. ಪ್ರಕಾಶಕರ ಮೂಲಕ ಬಂದ ಪುಸ್ತಕವಾದರೆ ಅದರಲ್ಲೇ ನಿಮ್ಮ ಗೌರವಧನ. ಬೆಲೆಯ ಶೇಕಡಾ 10 ಎಂದರೆ 20 ರೂಪಾಯಿ.

ಈಗ ಫೇಸ್‌ಬುಕ್ ಜಾಹೀರಾತಿಗೆ 5,000 ರೂಪಾಯಿ ಹಾಕುವ ಆಸೆ ಬಂತು ಅಂದುಕೊಳ್ಳಿ. ಪ್ರತಿಗೆ 35ರಂತೆ ಆ ಹಣ ವಾಪಸ್ ಬರಲು ಅಂಗಡಿಗಳಲ್ಲಿ 143 ಪ್ರತಿ ಜಾಸ್ತಿ ಮಾರಬೇಕು. 500 ಪ್ರತಿಯ ಪುಸ್ತಕಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅದೇ ಪುಸ್ತಕ ನೀವೇ ನೇರವಾಗಿ 180ಕ್ಕೆ ಮಾರಿದರೆ, ಅಂಚೆ ಖರ್ಚು ಕಳೆದೂ ಅಂಗಡಿಯ ಎರಡರಷ್ಟು ಮಿಗುತ್ತದೆ. ಮೊದಲ ನೂರು ಜನರಿಗೆ ನೀವೇ ಕಳುಹಿಸಿ ಅಂತ ಹೇಳುವುದು ಅದಕ್ಕೇ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅಷ್ಟರ ಮಟ್ಟಿಗೆ ನೆಮ್ಮದಿ.

"ಪ್ಯಾಕೇಜ್ ತಗೊಳ್ಳಿ, ಪ್ರಕಟಣೆ, ಪ್ರಚಾರ, ಪ್ರಶಸ್ತಿ ಎಲ್ಲ ನಮ್ಮದೇ" ಅನ್ನುವವರು ಈಗ ಬಹಳ. ದುಡ್ಡು ಕೊಡುವ ಮೊದಲು ಕೇಳಿ: ಎಷ್ಟು ಪ್ರತಿ ಅಚ್ಚು ಹಾಕುತ್ತೀರಿ? ಹಕ್ಕು ಯಾರದು? ಯಾವ ಅಂಗಡಿಯಲ್ಲಿ ನಿಮ್ಮ ಪುಸ್ತಕಗಳು ಸಿಗುತ್ತವೆ? ಆಮೇಲೆ ಆ ಅಂಗಡಿಗೆ ಹೋಗಿ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ಬಿಡುಗಡೆ ಸಮಾರಂಭ

ಭಾನುವಾರ ಬೆಳಿಗ್ಗೆ ಹತ್ತೂವರೆ. ಬೆಂಗಳೂರಿನ ಬಸವನಗುಡಿಯ ವರ್ಲ್ಡ್ ಕಲ್ಚರ್ ಸಭಾಂಗಣ, ಜೆ.ಸಿ. ರಸ್ತೆಯ ನಯನ ಸಭಾಂಗಣ ಅಥವಾ ಧಾರವಾಡದ ವಿದ್ಯಾವರ್ಧಕ ಸಂಘ. ವೇದಿಕೆ ಮೇಲೆ ಐದು ಜನ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಅದರಲ್ಲಿ ಇಬ್ಬರು ಪುಸ್ತಕ ಓದಿರುತ್ತಾರೆ. ಎದುರಿಗೆ ಅರವತ್ತು ಜನ, ಅರ್ಧದಷ್ಟು ಮನೆಯವರು. ಕೊನೆಗೆ ಉಪ್ಪಿಟ್ಟು, ಕೇಸರಿಬಾತ್. ಸಂತೋಷದ ಕಾರ್ಯಕ್ರಮ, ಬೇಡ ಅನ್ನುವುದಿಲ್ಲ. ಆದರೆ ಇದನ್ನೇ ಪ್ರಚಾರ ಅಂದುಕೊಂಡರೆ ಗುರುತಿಲ್ಲದ ಓದುಗರು ಒಬ್ಬರೂ ಸಿಕ್ಕುವುದಿಲ್ಲ.

ಮಾಡಲೇಬೇಕು ಅಂದರೆ ಹೀಗೆ ಮಾಡಿ. ವೇದಿಕೆ ಮೇಲೆ ಇಬ್ಬರು ಸಾಕು, ನೀವು ಮತ್ತು ಪುಸ್ತಕ ಪೂರ್ತಿ ಓದಿದ ಒಬ್ಬರು. ನಲವತ್ತು ನಿಮಿಷ ಮಾತುಕತೆ, ಮಧ್ಯೆ ಹತ್ತು ನಿಮಿಷ ವಾಚನ. ಕಾರ್ಯಕ್ರಮಕ್ಕೆ ಮೊದಲೇ ಬಾಗಿಲ ಬಳಿ ಮಾರಾಟ ಶುರುವಾಗಲಿ. ಮುಗಿದ ಮೇಲೆ ಎಲ್ಲರೂ ಊಟದ ಕಡೆ ನಡೆಯುತ್ತಾರೆ. ಸಾಧ್ಯವಾದರೆ ಬಿಡುಗಡೆಯನ್ನು ಪುಸ್ತಕದ ಊರಲ್ಲೇ ಇಟ್ಟುಕೊಳ್ಳಿ. ನಮ್ಮ ಮೇಷ್ಟ್ರ ಪುಸ್ತಕ ಬೆಂಗಳೂರಿನಲ್ಲಿ ನಾಲ್ಕನೆಯ ಸುದ್ದಿ. ಸಿಂಧನೂರಿನ ಗುರುಭವನದಲ್ಲಿ ಅದೇ ದೊಡ್ಡ ಸುದ್ದಿ, ಸ್ಥಳೀಯ ಪತ್ರಿಕೆಯವರೆಲ್ಲ ಬರುತ್ತಾರೆ. ಮಾರ್ಚ್ ತಿಂಗಳು ಬೇಡ, ಪರೀಕ್ಷೆ ಕಾಲ. ನವೆಂಬರಿನಲ್ಲಿ ಕಾರ್ಯಕ್ರಮಗಳ ಜಾತ್ರೆ ಇರುತ್ತದೆ, ರಿಯಾಯಿತಿ ಮಾರಾಟವೂ ಆಗಲೇ. ಹೊಸಬರ ಪುಸ್ತಕ ಅದರಲ್ಲಿ ಕಳೆದುಹೋಗುವುದು ಸುಲಭ.

ಬಿಡುಗಡೆಗೆ ಎರಡು ವಾರ ಮೊದಲು ಮುಂಗಡ ಬುಕಿಂಗ್ ತೆರೆಯಿರಿ. ಮೊದಲೇ ದುಡ್ಡು ಕಟ್ಟಿದವರಿಗೆ ಸಹಿ ಹಾಕಿದ ಪ್ರತಿ, ಅಂಚೆ ಖರ್ಚು ನಿಮ್ಮದು. ಇದು ಕನ್ನಡಕ್ಕೆ ಹೊಸತೇನಲ್ಲ. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಪ್ರಕಾಶನ ಬೆಳೆದದ್ದೇ ಚಂದಾದಾರರ ಬಲದಿಂದ. ಮುಂಗಡ ಎಷ್ಟು ಬಂತು ಎಂಬುದು ಎಷ್ಟು ಪ್ರತಿ ಅಚ್ಚು ಹಾಕಬೇಕು ಎಂಬುದಕ್ಕೂ ಸುಳಿವು ಕೊಡುತ್ತದೆ.

ಫೋನಿನಲ್ಲಿ ಮಾರುವ ಬಗೆ

ಹೊಸಬರ ಕನ್ನಡ ಪುಸ್ತಕ ಹೆಚ್ಚು ಮಾರಾಟವಾಗುವುದು ವಾಟ್ಸ್ಆ್ಯಪ್‌ನಲ್ಲಿ. ಇದಕ್ಕೆ ದೊಡ್ಡ ತಂತ್ರವೇನೂ ಬೇಡ. ಮುಖಪುಟದ ಚಿತ್ರ, ಬೆಲೆ, ದುಡ್ಡು ಕಳುಹಿಸುವ ಯುಪಿಐ ಐಡಿ ಇದ್ದರೆ ಆಯಿತು. ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ ಒಮ್ಮೆಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಮೊದಲ ಮಾತಿನಲ್ಲೇ "ನಂಬರ್ ಸೇವ್ ಮಾಡಿಕೊಳ್ಳಿ" ಅನ್ನಿ.

ಮೆಸೇಜ್ ಹೇಗಿರಬೇಕು? "ನನ್ನ ಚೊಚ್ಚಲ ಕೃತಿ ಲೋಕಾರ್ಪಣೆಗೊಂಡಿದ್ದು ತಾವೆಲ್ಲರೂ ಕೊಂಡು ಓದಿ ಪ್ರೋತ್ಸಾಹಿಸಬೇಕಾಗಿ ವಿನಂತಿ" ಎಂದು ಬರೆದರೆ ಯಾರೂ ಅಲ್ಲಾಡುವುದಿಲ್ಲ. ಪ್ರೋತ್ಸಾಹ ಕೊಡಲು ಯಾರೂ ಪುಸ್ತಕ ಓದುವುದಿಲ್ಲ. ಹೀಗೆ ಬರೆದು ನೋಡಿ:

"ನಮಸ್ಕಾರ ಸರ್. ನೀವೂ ಮಾನ್ವಿ ಕಡೆಯವರು ಅಂತ ಗೊತ್ತಾಯಿತು. ಕಾಲುವೆ ಕೊನೆಯ ಊರುಗಳ ಬಗ್ಗೆ ಹನ್ನೆರಡು ಕಥೆ ಬರೆದಿದ್ದೇನೆ. ಒಂದು ಕಥೆ ಇಲ್ಲಿದೆ, ಹತ್ತು ನಿಮಿಷದ ಓದು. ಇಷ್ಟವಾದರೆ ಹೇಳಿ, ಪುಸ್ತಕದ ವಿವರ ಕಳುಹಿಸುತ್ತೇನೆ."

ಇದನ್ನು ಒಬ್ಬೊಬ್ಬರಿಗೇ ಬರೆಯಬೇಕು. ನಿಧಾನದ ಕೆಲಸ. ದಿನಕ್ಕೆ ಐದು ಜನ ಸಾಕು. ಕೊಂಡವರು ಓದಿ ಮೆಚ್ಚಿದರೆ ಅವರ ಬಳಿ ಒಂದೇ ಒಂದು ಸಹಾಯ ಕೇಳಿ: "ನಿಮ್ಮ ಗುಂಪಿನಲ್ಲಿ ಎರಡು ಸಾಲು ಬರೆಯುತ್ತೀರಾ?" ಲೇಖಕರೇ ಹೊಗಳಿಕೊಂಡ ಇಪ್ಪತ್ತು ಪೋಸ್ಟಿಗಿಂತ ಶಿಕ್ಷಕರ ಗುಂಪಿನಲ್ಲಿ ಇನ್ನೊಬ್ಬ ಶಿಕ್ಷಕರು ಬರೆದ ಎರಡು ಸಾಲು ಹೆಚ್ಚು ಪ್ರತಿ ಮಾರುತ್ತದೆ.

ಫೇಸ್‌ಬುಕ್ಕಿನಲ್ಲಿ ಉದ್ದ ಬರಹ ಓದುವವರು ಇನ್ನೂ ಇದ್ದಾರೆ, ಹೆಚ್ಚಿನವರು ನಲವತ್ತು ದಾಟಿದವರು. ಅಲ್ಲಿ ಪುಸ್ತಕದ ಭಾಗಗಳನ್ನು ಹಾಕಿ. ಮೂರು ಸಲ ಬರಹ ಹಾಕಿದ ಮೇಲೆ ಒಂದು ಸಲ "ಕೊಳ್ಳಿ" ಅಂದರೆ ಸಾಕು. ಐವತ್ತು ಜನರನ್ನು ಟ್ಯಾಗ್ ಮಾಡುವ ಚಾಳಿ ಬಿಡಿ, ಅದು ಸಿಟ್ಟು ತರಿಸುತ್ತದೆ ಅಷ್ಟೇ. ಇನ್‌ಸ್ಟಾಗ್ರಾಂನಲ್ಲಿ ಕಿರಿಯರಿದ್ದಾರೆ. ಅಲ್ಲಿ ನಲವತ್ತೈದು ಸೆಕೆಂಡಿನ ವಾಚನ ಹಾಕಿ, ನಿಮ್ಮ ಊರಿನ ಮಾತಿನಲ್ಲೇ. ರಾಯಚೂರಿನ ಕನ್ನಡವನ್ನು ಬೆಂಗಳೂರಿನ ಟಿವಿ ಕನ್ನಡಕ್ಕೆ ತಿದ್ದಿ ಓದಬೇಡಿ. ಆ ಮಾತಿಗಾಗಿಯೇ ನಿಂತು ಕೇಳುವವರಿದ್ದಾರೆ.

ಅಂಚೆಯ ಬಗ್ಗೆ ಒಂದು ಮಾತು. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆಂದೇ ಜ್ಞಾನ ಪೋಸ್ಟ್ ಶುರು ಮಾಡಿತು. ಶುರುವಾದಾಗ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಶೈಕ್ಷಣಿಕ, ಸಾಮಾಜಿಕ-ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಎಂಬುದು ನಿಯಮ. ನಿಮ್ಮ ಪುಸ್ತಕ ಅದರಲ್ಲಿ ಬರುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿ. ಇಲ್ಲವಾದರೆ ಸ್ಪೀಡ್ ಪೋಸ್ಟ್ ಅಥವಾ ಕೊರಿಯರ್. ವಿಳಾಸದ ಜೊತೆ ಪಿನ್‌ಕೋಡ್ ತಪ್ಪದೆ ಪಡೆಯಿರಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ ಕಳುಹಿಸಿ.

ಪುಕ್ಕಟೆ ಪ್ರತಿ ಯಾರಿಗೆ?

ಇಪ್ಪತ್ತೈದು ಪ್ರತಿ ಬೇರೆ ಎತ್ತಿಡಿ, ಅದರ ಮೇಲೆ ಒಂದೂ ಬೇಡ. ಪತ್ರಿಕೆಗಳ ಪುಸ್ತಕ ವಿಭಾಗಕ್ಕೆ ಕೆಲವು. ಕೆಲವು ಪತ್ರಿಕೆಗಳು ಎರಡು ಪ್ರತಿ ಕೇಳುತ್ತವೆ. ವಿಮರ್ಶೆ ಬಾರದಿದ್ದರೂ ಬಂದ ಪುಸ್ತಕಗಳ "ಸಾದರ ಸ್ವೀಕಾರ" ಪಟ್ಟಿಯಲ್ಲಿ ಹೆಸರು ಬರಬಹುದು. ಬುಕ್ ಬ್ರಹ್ಮದಂಥ ಪುಸ್ತಕಗಳಿಗೆಂದೇ ಇರುವ ತಾಣಕ್ಕೆ ಒಂದು. ಉಳಿದದ್ದು ಓದಿದ್ದರ ಬಗ್ಗೆ ನಿಯಮಿತವಾಗಿ ಬರೆಯುವ ಸಾಮಾನ್ಯ ಓದುಗರಿಗೆ. ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಇಂಥವರು ಇದ್ದಾರೆ. ನಿಮ್ಮ ಬಗೆಯ ಪುಸ್ತಕ ಅವರು ಹಿಂದೆ ಓದಿದ್ದಾರೆಯೇ ನೋಡಿ, ಕೇಳಿ, ಆಮೇಲೆ ಕಳುಹಿಸಿ. ಕಳುಹಿಸಿದ ಮೇಲೆ ಒಂದು ಸಲ ತಲುಪಿತೇ ಎಂದು ಕೇಳಬಹುದು. "ಓದಿದ್ರಾ?" ಎಂದು ವಾರಕ್ಕೊಮ್ಮೆ ಫೋನ್ ಮಾಡುವವರ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ.

"ಒಂದು ಕಾಪಿ ಕೊಡಪ್ಪಾ" ಅನ್ನುವ ಗೆಳೆಯರಿಗೆ ಏನು ಹೇಳುವುದು? ನಗುತ್ತಾ ಯುಪಿಐ ಕೋಡ್ ಕಳುಹಿಸಿ. ಕೊಳ್ಳುವವರು ಕೊಳ್ಳುತ್ತಾರೆ. ಪುಕ್ಕಟೆ ಕೊಟ್ಟಿದ್ದರೂ ಉಳಿದವರು ಓದುತ್ತಿರಲಿಲ್ಲ.

ಅಂಗಡಿ, ಮಳಿಗೆ, ಸಮ್ಮೇಳನ

ಸಪ್ನ, ನವಕರ್ನಾಟಕ, ಗಾಂಧಿ ಬಜಾರಿನ ಅಂಕಿತ, ಜಯನಗರದ ಟೋಟಲ್ ಕನ್ನಡದಂಥ ಅಂಗಡಿಗಳಲ್ಲಿ ಪುಸ್ತಕ ಇರಬೇಕು. ಯಾರಾದರೂ "ಎಲ್ಲಿ ಸಿಗುತ್ತದೆ?" ಎಂದು ಕೇಳಿದಾಗ ಹೇಳಲು ಒಂದು ಜಾಗ ಬೇಕಲ್ಲ. ಐದೈದು ಪ್ರತಿ ಕೊಟ್ಟು, ಕೊಟ್ಟಿದ್ದಕ್ಕೆ ಚಲನ್ (ರಸೀದಿ) ಪಡೆಯಿರಿ, ಎರಡು ತಿಂಗಳಿಗೊಮ್ಮೆ ವಿಚಾರಿಸಿ. ಮೂವತ್ತು ಅಂಗಡಿಗೆ ಹಂಚಿದರೆ ವಸೂಲಿಗೇ ನಿಮ್ಮ ವರ್ಷ ಹೋಗುತ್ತದೆ. ಆರು ಅಂಗಡಿ ಸಾಕು, ಅದರಲ್ಲಿ ಒಂದು ನಿಮ್ಮ ತಾಲ್ಲೂಕಿನ ಸ್ಟೇಷನರಿ ಅಂಗಡಿಯಾಗಲಿ.

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಪುಸ್ತಕ ಮಳಿಗೆಗಳಿಗೆ ನುಗ್ಗುವ ಜನ ನೋಡಿದರೆ ಆಸೆ ಹುಟ್ಟುತ್ತದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯದು ನಡೆಯಿತು. ಆದರೆ ಒಂದೇ ಪುಸ್ತಕ ಇಟ್ಟುಕೊಂಡು ಅಲ್ಲಿ ಮಳಿಗೆ ಹಾಕಿದರೆ ಬಾಡಿಗೆ, ಊಟ, ವಸತಿಗೇ ನಷ್ಟ. ನಾಲ್ಕೈದು ಹೊಸ ಲೇಖಕರು ಸೇರಿ ಒಂದು ಮಳಿಗೆ ಹಿಡಿಯಿರಿ, ಅಥವಾ ನಿಮ್ಮ ಪ್ರಕಾಶಕರ ಮಳಿಗೆಯಲ್ಲಿ ನಿಲ್ಲಿ. ತಾಲ್ಲೂಕು, ಜಿಲ್ಲಾ ಸಮ್ಮೇಳನಗಳಲ್ಲಿ ಒಂದು ಮೇಜು ಸಾಕು, ಖರ್ಚೂ ಕಡಿಮೆ.

ಮೇಜಿನ ಹಿಂದೆ ನಿಂತಾಗ, ಪುಸ್ತಕ ಎತ್ತಿಕೊಂಡವರಿಗೆ ತಕ್ಷಣ "ನಾನೇ ಬರೆದದ್ದು" ಅನ್ನಬೇಡಿ. ಅವರಿಗೆ ಮುಜುಗರವಾಗುತ್ತದೆ, ಇಟ್ಟು ಹೋಗಲೂ ಆಗದೆ ಕೊಳ್ಳಲೂ ಆಗದೆ ಒದ್ದಾಡುತ್ತಾರೆ. ಒಂದು ಪುಟ ಓದಲು ಬಿಡಿ. ತಲೆ ಎತ್ತಿದಾಗ "ಯಾವೂರು ನಿಮ್ದು?" ಎಂದು ಕೇಳಿ. ಮಾತು ತಾನಾಗಿ ಪುಸ್ತಕಕ್ಕೆ ಬರುತ್ತದೆ.

ಗ್ರಂಥಾಲಯ ಮತ್ತು ಪ್ರಶಸ್ತಿ

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶನದ ದೊಡ್ಡ ಆಸರೆ. ಬೆಲೆಯನ್ನು ಪುಟದ ಲೆಕ್ಕದಲ್ಲಿ ಕಟ್ಟುತ್ತಾರೆ. ಇದಕ್ಕೆ ಪುಸ್ತಕವನ್ನು ರಾಜ್ಯ ಕೇಂದ್ರ ಗ್ರಂಥಾಲಯದ ಕಾಪಿರೈಟ್ ವಿಭಾಗದಲ್ಲಿ ನೋಂದಾಯಿಸಿರಬೇಕು. ಅಚ್ಚಾದ ಕೂಡಲೇ ಮಾಡಿಸಿ. ಆದರೆ ಆ ಹಣವನ್ನು ನಂಬಿ ಸಾಲ ಮಾಡಬೇಡಿ. ಆಯ್ಕೆಗೂ ತಡ, ಹಣ ಬರಲೂ ತಡ. ಇನ್ನು ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅವಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ನಿಮ್ಮ ಹೋಬಳಿಯ ನಾಲ್ಕೈದಕ್ಕೆ ನೀವೇ ಒಂದೊಂದು ಪ್ರತಿ ಕೊಟ್ಟು ಬನ್ನಿ. ಒಂದು ಪ್ರತಿ ಅಲ್ಲಿ ಹತ್ತು ಕೈ ದಾಟುತ್ತದೆ.

ಪ್ರಶಸ್ತಿಗೆ ಪುಸ್ತಕ ಕಳುಹಿಸುವುದು ನಾಚಿಕೆಯ ವಿಷಯವಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಮಧುರಚೆನ್ನ ದತ್ತಿ ಬಹುಮಾನ ಲೇಖಕರ ಮೊದಲ ಸ್ವತಂತ್ರ ಕೃತಿಗೇ ಮೀಸಲು. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ ವಯಸ್ಸು 35 ಮೀರಿರಬಾರದು. ಪ್ರಕಟಣೆ ಬಂದಾಗ ನೋಡಿ ಕಳುಹಿಸಿ. ಪ್ರವೇಶಧನ ಕೇಳುವ, ಯಾರೂ ಕೇಳಿರದ ಪ್ರಶಸ್ತಿಗಳಿಂದ ದೂರ ಇರಿ.

ಮೂರು ತಿಂಗಳ ನಂತರ

ಹೆಚ್ಚಿನ ಲೇಖಕರು ಒಂದು ತಿಂಗಳಿಗೆ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಆದರೆ ಓದಿದವರು ಇನ್ನೊಬ್ಬರಿಗೆ ಹೇಳಲು ಶುರು ಮಾಡುವುದೇ ಆಗ. ಕಾಲೇಜುಗಳ ಕನ್ನಡ ವಿಭಾಗಕ್ಕೆ, ಓದುಗ ಬಳಗಗಳಿಗೆ ಪತ್ರ ಬರೆಯಿರಿ. ಮಾತಾಡಲು ಕರೆದರೆ ಶಾಲು, ಹಾರ, ನೆನಪಿನ ಕಾಣಿಕೆ ಬೇಡ, ಆ ದುಡ್ಡಿಗೆ ಹತ್ತು ಪ್ರತಿ ಕೊಂಡು ಮಕ್ಕಳಿಗೆ ಕೊಡಿ ಎಂದು ಹೇಳಿ. ಸಂಘಟಕರು ಖುಷಿಯಿಂದ ಒಪ್ಪುತ್ತಾರೆ.

ಇ-ಪುಸ್ತಕಕ್ಕೂ ಇದೇ ಸಮಯ. ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಇವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳು ಸಿಗುತ್ತವೆ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡಿಗರಿಗೆ 200 ರೂಪಾಯಿಯ ಪುಸ್ತಕ ಕಳುಹಿಸಲು ಅದರ ಹಲವು ಪಟ್ಟು ಅಂಚೆ ಖರ್ಚು ಬೀಳುತ್ತದೆ. ಅವರಿಗೆ ಇದೇ ದಾರಿ. ಮುಂಬೈ, ದೆಹಲಿಯ ಕರ್ನಾಟಕ ಸಂಘಗಳಿಗೆ ಮಾತ್ರ ಅಚ್ಚಾದ ಪುಸ್ತಕವನ್ನೇ ಕಳುಹಿಸಿ.

ಶುರುವಿನಿಂದಲೂ ಒಂದು ನೋಟ್‌ಬುಕ್ಕಿನಲ್ಲಿ ಮಾರಾಟ ಬರೆದಿಡಿ: ಯಾರು, ಯಾವ ಪಿನ್‌ಕೋಡ್, ಹೇಗೆ ಗೊತ್ತಾಯಿತು. ನಾಲ್ಕನೆಯ ತಿಂಗಳು ಅದನ್ನು ತೆರೆದು ನಿಮಗೆ ಗುರುತಿಲ್ಲದ ಹೆಸರುಗಳಿಗೆ ಗೆರೆ ಎಳೆಯಿರಿ. ಅವರು ಯಾವ ದಾರಿಯಿಂದ ಬಂದರು ನೋಡಿ, ಉಳಿದ ದಾರಿಗಳನ್ನು ಬಿಟ್ಟು ಅಲ್ಲಿ ಮಾತ್ರ ಕೆಲಸ ಮಾಡಿ. ಮರುಮುದ್ರಣದ ತೀರ್ಮಾನವೂ ಇದೇ ನೋಟ್‌ಬುಕ್ಕಿನಿಂದ ಆಗಬೇಕು. ಐವತ್ತು ಪ್ರತಿ ಉಳಿದಿರುವಾಗ ಪ್ರತಿ ವಾರವೂ ಹೊಸ ಪಿನ್‌ಕೋಡಿನಿಂದ ಆರ್ಡರ್ ಬರುತ್ತಿದ್ದರೆ ಡಿಜಿಟಲ್ ಮುದ್ರಣದಲ್ಲಿ ಇನ್ನೂರು ಪ್ರತಿ ಹಾಕಿಸಿ. ಆರ್ಡರ್ ನಿಂತಿದ್ದರೆ ಆ ಐವತ್ತನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎರಡನೆಯ ಪುಸ್ತಕ ಬಂದಾಗ ಜನ ಮೊದಲನೆಯದನ್ನೂ ಕೇಳುತ್ತಾರೆ.